ದೇವಮ್ಮ ಆರಿಸಿದ ಆ್ಯಪ್

ಮದುವೆ ಹಾಡುಗಳ ಸಂಗ್ರಹಕ್ಕೆಂದು ಹೊನ್ನಾವರದ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿದ್ದೆ. ಹಾಡುವ ದೇವಮ್ಮನಿಗೆ ಒಂದು ಹಾಡಿನ ಅರ್ಧವಷ್ಟೇ ನೆನಪಿತ್ತು. ಉಳಿದರ್ಧ ಭಟ್ಕಳದಲ್ಲಿ ಹಾಸಿಗೆ ಹಿಡಿದಿದ್ದ ಅವರ ಅಕ್ಕನಿಗೆ ಗೊತ್ತಿತ್ತು. ಅದನ್ನು ಫೋನಿನಲ್ಲೇ ತರಿಸೋಣವೆಂದು, ಅಕ್ಕ-ತಂಗಿ ಇಬ್ಬರ ಫೋನಿನಲ್ಲೂ ಇದ್ದ ಮೂರು ಚಾಟ್ ಆ್ಯಪ್ ತೋರಿಸಿ, ಯಾವುದರಲ್ಲಿ ಎಷ್ಟು ದೊಡ್ಡ ಫೈಲ್ ಹೋಗುತ್ತದೆಂದು ವಿವರಿಸಿದೆ.

"ತಮಾ, ಓದೂಕೆ ಬರದವ್ರು ಎಲ್ಲಿ ಒತ್ತೂದು?" ಎಂದರು ದೇವಮ್ಮ.

ಆಮೇಲೆ ಅವರೇ ಮೂರನ್ನೂ ನೋಡಿ, ಮೈಕಿನ ದೊಡ್ಡ ಚಿತ್ರವಿದ್ದ ಆ್ಯಪ್ ಮೇಲೆ ಬೆರಳಿಟ್ಟರು. "ಇದೇ ಆತು. ಅಕ್ಕನೂ ಓದಿದವಳಲ್ಲ." ಹಾಡಿ ಕಳಿಸಿಯೇಬಿಟ್ಟರು.

ಚಹಾ ಮುಗಿಯುವುದರೊಳಗೆ ಅಕ್ಕನ ನಡುಗುವ ದನಿಯಲ್ಲಿ ಉಳಿದರ್ಧ ಬಂತು. ದೇವಮ್ಮ ಬಾಯಿಯ ಎಲೆಅಡಿಕೆ ಕವಳ ಉಗಿದು ಬಂದು ಅದರ ಜೊತೆಗೇ ಹಾಡಿದರು.

ಈಗ ಯಾವ ಆ್ಯಪ್ ಒಳ್ಳೆಯದೆಂದು ಯಾರು ಕೇಳಿದರೂ ಧೈರ್ಯವಾಗಿ ಅದೇ ಆ್ಯಪ್ ಹೇಳುತ್ತೇನೆ. ಕಾರಣ ಕೇಳಿದರೆ, ತಜ್ಞರ ಸಲಹೆ ಅನ್ನುತ್ತೇನೆ.