ಊರು ಬಲ್ಲವರನ್ನು ಕೇಳಿ

ಯಾವುದಾದರೂ ದೇಶ ಕದ್ದುಮುಚ್ಚಿ ಅಣುಬಾಂಬು ಮಾಡುತ್ತಿದ್ದರೆ ಅದನ್ನು ದೂರದಿಂದಲೇ ಪತ್ತೆಹಚ್ಚುವುದು ಹೇಗೆ, ಏನನ್ನು ಹುಡುಕಬೇಕು, ಯಾರನ್ನು ವಿಚಾರಿಸಬೇಕು ಎಂದು ಮೊದಲೇ ಯೋಜಿಸುವುದನ್ನು ನಾನು ಮಣಿಪಾಲದಲ್ಲಿ ಕಲಿಸುತ್ತೇನೆ. ಬಾಂಬನ್ನು ಕಣ್ಣಿಂದ ಕಂಡವಳಲ್ಲ, ಮಾತಿಗೆ ಮಾತ್ರ ಬರವಿಲ್ಲ. ಉಪಗ್ರಹದ ಚಿತ್ರ ನೋಡಿ ಹೌಹಾರಬೇಡಿ, ಮೊದಲು ಆ ಊರು ಬಲ್ಲವರನ್ನು ಕೇಳಿ ಎಂಬುದು ನನ್ನ ಮೊದಲ ಪಾಠ.

ಈ ವರ್ಷ ಅಭ್ಯಾಸಕ್ಕೆ ನಮ್ಮ ಜಿಲ್ಲೆಯನ್ನೇ ಕೊಟ್ಟೆ. ಇಲ್ಲೊಂದು ಗುಪ್ತ ಯುರೇನಿಯಂ ಘಟಕ ಇದೆ ಎಂದುಕೊಳ್ಳಿ, ಎಲ್ಲಿರಬಹುದು ಹೇಳಿ ಎಂದೆ. ಎಲ್ಲೆಲ್ಲಿಂದಲೋ ಬಂದ ಮಕ್ಕಳು ಕಾರ್ಕಳ, ಕಾಪುಗಳನ್ನೆಲ್ಲ ಜಾಲಾಡಿ ಹೆಜಮಾಡಿಯ ಒಂದು ಶೆಡ್ಡನ್ನು ಪರದೆಯ ಮೇಲೆ ತಂದು ನಿಲ್ಲಿಸಿದರು. ದೊಡ್ಡ ಟ್ರಾನ್ಸ್‌ಫಾರ್ಮರ್, ಮಾಡಿನ ಮೇಲೆ ನೀರು ತಣಿಸುವ ಗೋಪುರ, ಅಂಗಳದಲ್ಲಿ ಲಾರಿಗಳ ಸಾಲು. ಈ ಊರು ಬಲ್ಲವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಬ್ಬಳು ಕೇಳಿದಳು.

ಅದು ಮೀನಿಗೆ ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟು, ನನ್ನ ಸೋದರಮಾವನದು. ನಮ್ಮದು ಅಳಿಯಕಟ್ಟು. ತಾಯಿಯ ಅಣ್ಣನೇ ಯಜಮಾನ, ನಾನು ಬೆಳೆದದ್ದೂ ಅವರ ಮನೆಯಲ್ಲೇ. ಆದರೆ ಮೀನಿನವರ ಮನೆಯವಳು ಎಂದು ಕಾಲೇಜಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಆಗಲೂ ಬಾಯಿ ಬಿಡಲಿಲ್ಲ. ಹೋಗಿ ನೋಡೋಣ ಎಂದುಬಿಟ್ಟೆ. ಆ ಹೊತ್ತಿಗೆ ಮಾವ ಮಲ್ಪೆ ಬಂದರಿನಲ್ಲಿರುತ್ತಾರೆ ಎಂಬುದು ನನ್ನ ಲೆಕ್ಕ. ನನ್ನ ಯೋಜನೆಯ ಚಂದವೇ ಅಷ್ಟು.

ಮಾವ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ನಾನು ಮಕ್ಕಳ ಕಡೆಗೆ ತಿರುಗಿ, ಇವರು ಇಲ್ಲಿಯ ಮಾಲೀಕರಿರಬೇಕು ಎಂದೆ. ಈಗ ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಮಾವ ಮಕ್ಕಳನ್ನು ಒಳಗೆ ಕರೆದು ಎಲ್ಲವನ್ನೂ ತೋರಿಸಿದರು, ಬಾಂಬಿನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು, ಕುಡಿಯಲು ಎಳನೀರು ತರಿಸಿದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಮೇಡಂ ಹೇಳಿದ್ದೇ ಸರಿ, ಊರಿನವರನ್ನು ಮೊದಲೇ ಕೇಳಬೇಕಿತ್ತು ಎಂದು ಮಕ್ಕಳು ನನ್ನನ್ನು ಹೊಗಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ಹೊರಡುವಾಗ ಮಾವ ಒಂದು ಕಟ್ಟು ಮೀನು ಕೊಡದೆ ಕಳಿಸಿದ್ದೇ ಇಲ್ಲ. ಅಂದೂ ಬಂಗುಡೆಯ ಕಟ್ಟು ಹಿಡಿದು ಬಸ್ಸಿನ ತನಕ ಬಂದರು. ನಾನು ಹುಟ್ಟಿದಂದಿನಿಂದ ನನ್ನೊಡನೆ ತುಳು ಬಿಟ್ಟು ಬೇರೆ ಭಾಷೆ ಆಡದ ಮನುಷ್ಯ, ಕನ್ನಡದಲ್ಲಿ ಕೇಳಿದರು.

"ಮೇಡಂ, ನೀವು ಮೀನು ತಿನ್ನುವುದುಂಟಾ?"

ಅವರು ಮುಳ್ಳು ಬಿಡಿಸಿ ಬಾಯಿಗಿಟ್ಟ ಮೀನು ತಿಂದು ಬೆಳೆದವಳು ನಾನು. ಮಕ್ಕಳೆಲ್ಲ ನೋಡುತ್ತಿದ್ದರು. ಇಲ್ಲ ಎಂದೆ.