ಏರುದಾರಿಯಲ್ಲಿ ಕೈಕೊಟ್ಟ ಕ್ಲಚ್

ಗ್ರೀಸ್ ಮಾಮನ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗಿದ್ದಲ್ಲ. ಮದುವೆಮನೆಗೆ ಹೋದರೂ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುವ ಮನುಷ್ಯ. ಮನೆಗೆ ಅಂಟಿಕೊಂಡ ಸಣ್ಣ ಗ್ಯಾರೇಜು. ಅದರ ನಡುವೆ ಎದೆಮಟ್ಟದ ಗುಂಡಿ. ಕಾರನ್ನು ಅದರ ಮೇಲೆ ನಿಲ್ಲಿಸಿ, ತಾವು ಒಳಗೆ ನಿಂತು ಕೆಲಸ ಮಾಡುತ್ತಿದ್ದರು. ಹಿಂದೊಮ್ಮೆ ಜ್ಯಾಕ್ ಜಾರಿ ಕಾರು ಅವರ ಭುಜದ ಮೇಲೆ ಕೂತಿತ್ತು. ಕೂಗು ಕೇಳಿ ಓಡಿಬಂದು, ಬೀದಿಯವರನ್ನೆಲ್ಲ ಸೇರಿಸಿ ಕಾರೆತ್ತಿಸಿದವರು ಅವರ ಹೆಂಡತಿ, ಬೀದಿಗೆಲ್ಲ ಅತ್ತೆ. ಇನ್ನು ಕಾರಿನಡಿ ಮಲಗುವುದಿಲ್ಲವೆಂದು ಆಸ್ಪತ್ರೆಯಲ್ಲೇ ಗಂಡನಿಂದ ಮಾತು ತೆಗೆದುಕೊಂಡಿದ್ದರು. ಆ ಗುಂಡಿ ತೋಡಿಸಿದ್ದು ಆಮೇಲೆ.

ಯಾರದೋ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೇ ಕಾರೊಂದನ್ನು ಮಾಮ ತಂದು ವರ್ಷಗಟ್ಟಲೆ ರಿಪೇರಿ ಮಾಡಿದರು. "ನನ್ನ ಸವತಿ ಇವತ್ತಾದ್ರೂ ಬಾಯಿ ಬಿಟ್ಲಾ?" ಎಂದು ಅತ್ತೆ ದಿನಾ ಕೇಳುವರು. ಕೊನೆಗೊಂದು ಬೆಳಗ್ಗೆ ಎಂಜಿನ್ ಹದವಾಗಿ ಉಲಿಯಿತು. ಹ್ಯಾಂಡ್‌ಬ್ರೇಕ್ ಕೆಲಸ ಇನ್ನೂ ಬಾಕಿಯಿತ್ತು. ಆದರೂ ಮಾಮ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು.

ಪೇಟೆ ದಾಟಿದರೆ ಕಡಿದಾದ ಏರು. ಎರಡೂ ಕಡೆ ಅಂಗಡಿಗಳ ಮೆಟ್ಟಿಲು. ಅರ್ಧ ಹತ್ತುವಾಗ ಮುಂದಿನ ಗಾಡಿ ನಿಂತಿತು. ಮಾಮ ಕ್ಲಚ್ ತುಳಿದು ಬ್ರೇಕ್ ಒತ್ತಿದರು. ಟಕ್ ಎಂದಿತು. ಕ್ಲಚ್ ಪೆಡಲ್ ಜೀವ ಹೋದಂತೆ ನೆಲಕ್ಕಂಟಿತು. ಕಾರು ಒಮ್ಮೆ ಮುಗ್ಗರಿಸಿ ಬಂದ್ ಆಯಿತು. ಮುಂದಿನ ಗಾಡಿ ತನ್ನ ಪಾಡಿಗೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಬೆನ್ನಿಗೇ ಗ್ಯಾಸ್ ಸಿಲಿಂಡರ್ ತುಂಬಿದ ಲಾರಿ. ಅದರ ಹಿಂದೆ ತಿರುವಿನವರೆಗೂ ವಾಹನಗಳು.

ಬ್ರೇಕಿನ ಮೇಲಿನ ಕಾಲು ತುಸು ಸಡಿಲವಾದರೆ, ಗೇರಿನಲ್ಲೇ ಇದ್ದರೂ ಸವೆದ ಎಂಜಿನ್ ಭಾರ ತಾಳದೆ ಕಾರು ಆಗೊಮ್ಮೆ ಈಗೊಮ್ಮೆ ಕಿರ್ ಎಂದು ಬೆರಳಗಲ ಹಿಂದೆ ಸರಿಯುತ್ತಿತ್ತು. ಲಾರಿ ಡ್ರೈವರ್ ಓಡಿಬಂದು ಹಿಂದಿನ ಚಕ್ರಗಳಿಗೆ ಒಂದು ಕಲ್ಲು, ಒಂದು ಇಟ್ಟಿಗೆ ಕೊಟ್ಟ.

"ಏನಾಯ್ತು ಯಜಮಾನ್ರೇ?"

"ಕ್ಲಚ್ ರಾಡಿನ ಪಿನ್ ಮುರಿದಿದೆ. ಕಾರಿನಡಿಗೆ ಹೋಗ್ಬೇಕು."

"ನಾನೇ ಹೋಗ್ತೀನಿ. ಹೆಂಗೆ ಅಂತ ಹೇಳಿ."

"ಹೇಳಿದ್ರೆ ಆಗೋದಲ್ಲಪ್ಪ ಅದು. ಕೈಗೆ ಗೊತ್ತಿರ್ಬೇಕು."

ಅಷ್ಟು ಹೇಳಿ ಮಾಮ ಹೆಂಡತಿಯ ಮುಖ ನೋಡಿದರು. ಅತ್ತೆ ಗಂಡನನ್ನು, ಲಾರಿಯನ್ನು, ಮತ್ತೆ ಗಂಡನನ್ನು ನೋಡಿದರು.

"ಬ್ರೇಕ್ ಯಾವ್ದು ತೋರ್ಸಿ" ಎಂದರು.

"ಅಮ್ಮಾ, ಬ್ರೇಕ್ ನಾನು ಹಿಡ್ಕೋತೀನಿ" ಎಂದ ಡ್ರೈವರ್.

"ನೀನು ಕಲ್ಲು ನೋಡ್ಕೊಳಪ್ಪ. ಕೆಳಗೆ ಮಲಗೋದು ನನ್ನ ಗಂಡ."

ಮಾಮ ಕೆಳಗಿಳಿದು, ಬಾಗಿಲ ಕಡೆಯಿಂದ ಕೈನೀಡಿ ಬ್ರೇಕ್ ಪೆಡಲ್ ಒತ್ತಿಹಿಡಿದರು. ಅತ್ತೆ ಜರುಗಿ ಕೂತು ಅದನ್ನು ತುಳಿದರು. ಮುರಿದ ಪಿನ್ನಿನ ಬದಲಿಗೆ ಸ್ಟೆಪ್ನಿ ಬಿಗಿದಿದ್ದ ಬೋಲ್ಟೊಂದನ್ನು ಬಿಚ್ಚಿಕೊಂಡು ಮಾಮ ಅಂಗಾತ ಮಲಗಿ ಒಳಗೆ ಜಾರಿದರು. ಮೂಗಿನ ಮೇಲೆಯೇ ಕಬ್ಬಿಣ. ಹಳೇ ಪೆಟ್ಟಿನ ಭುಜ ತಾನಾಗಿಯೇ ಮುದುಡಿತು. ತುಸು ಹೊತ್ತು ಕೈ ಮೇಲೇಳಲೇ ಇಲ್ಲ.

"ರೀ, ಮಾತಾಡ್ತಾ ಇರಿ!" ಮೇಲಿನಿಂದ ದನಿ ಬಂತು.

"ಇದೀನಿ ಕಣೇ."

ರಾಡಿನ ತೂತಿಗೆ ಬೋಲ್ಟ್ ಸೇರಬೇಕಾದರೆ ಕ್ಲಚ್ಚಿನ ತೋಳನ್ನು ಎಳೆದು ಹಿಡಿಯಬೇಕಿತ್ತು. ಎಳೆದ ಕೂಡಲೇ ಗೇರಿನ ಹಿಡಿತ ತಪ್ಪುತ್ತದೆ. ಆಮೇಲೆ ಇರುವುದು ಆ ಕಲ್ಲು, ಆ ಇಟ್ಟಿಗೆ, ಅತ್ತೆಯ ಮಂಡಿನೋವಿನ ಒಂದು ಕಾಲು.

"ಈಗ ಎಳೀತೀನಿ. ಗಟ್ಟಿ ತುಳಿ."

ಎಳೆದರು. ಇಟ್ಟಿಗೆ ಪುಡಿಯಾದ ಸದ್ದು. ಮೇಲಿದ್ದ ಕಬ್ಬಿಣವೆಲ್ಲ ಹಿಂದಕ್ಕೆ ಜರುಗಿತು. ಲಾರಿ ಡ್ರೈವರ್ "ಅಮ್ಮಾ!" ಎಂದು ಕಿರುಚಿದ. ಅತ್ತೆ ಸ್ಟೀರಿಂಗ್ ಹಿಡಿದು, ಸೀಟಿನಿಂದೆದ್ದು, ಎರಡೂ ಕಾಲು ಪೆಡಲಿನ ಮೇಲಿಟ್ಟು ನಿಂತುಬಿಟ್ಟರು. ಕಾರು ನರಳಿ ನಿಂತಿತು.

"ಬಂದ್ಬಿಡ್ರೀ ಹೊರಗೆ!"

"ತೂತು ಸಿಕ್ಕಿದೆ. ಬಿಡ್ಬೇಡ!"

ಬೋಲ್ಟ್ ಒಳಹೊಕ್ಕಿತು. ನಟ್ಟು ಬೆವರಿದ ಬೆರಳಿನಿಂದ ಒಮ್ಮೆ ಜಾರಿ ಎದೆಯ ಮೇಲೆ ಬಿತ್ತು. ತಡಕಿ ಹಿಡಿದು ತಿರುಗಿಸಿ ಬಿಗಿದರು. ಮಾಮ ಹೊರಬಂದು ಬಾಗಿಲ ಬಳಿ ನಿಂತ ಮೇಲೂ ಅತ್ತೆ ಕಾಲು ತೆಗೆಯಲಿಲ್ಲ. ಮಾಮನ ಕಾಲು ಪೆಡಲಿನ ಮೇಲೆ ಕೂತಮೇಲೇ ಅತ್ತಿತ್ತ ಹಿಡಿದುಕೊಂಡು ಪಕ್ಕಕ್ಕೆ ಜರುಗಿದರು.

ಡ್ರೈವರ್ ಚಕ್ರದ ಹಿಂದೆ ಕಲ್ಲು ಒತ್ತಿಹಿಡಿದಿದ್ದ. ಎಂಜಿನ್ ಸ್ಟಾರ್ಟ್ ಆಯಿತು. ಕ್ಲಚ್ ಈ ಸಲ ಮಾತು ಕೇಳಿತು. ಕಾರು ಹೊಗೆಯುಗುಳುತ್ತ ಏರು ಹತ್ತಿತು.

ಮೇಲಿನ ಸಮತಟ್ಟಿನಲ್ಲಿ ಮಾಮ ಗಾಡಿ ನಿಲ್ಲಿಸಿದರು. ಸಿಲಿಂಡರ್ ಲಾರಿ ಹಾರ್ನ್ ಹೊಡೆದು ಮುಂದೆ ಹೋಯಿತು.

"ಹ್ಯಾಂಡ್‌ಬ್ರೇಕ್ ಯಾಕೆ ಸರಿ ಮಾಡಿರ್ಲಿಲ್ಲ?" ಅತ್ತೆ ಕೇಳಿದರು.

"ನಿನ್ನನ್ನ ಬೇಗ ಕೂರಿಸ್ಕೊಂಡು ಬರ್ಬೇಕು ಅನ್ನಿಸ್ತು."

ಅತ್ತೆಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟು. ಗಂಡನ ನೋವಿಲ್ಲದ ಭುಜಕ್ಕೆ ಒಂದು ಗುದ್ದು ಕೊಟ್ಟು, ಸೆರಗಿನಿಂದ ಅವರ ಮುಖದ ಎಣ್ಣೆ ಒರೆಸಿದರು.

"ಮನೆಗೆ ನಡೀರಿ. ಏರಿಲ್ಲದ ದಾರೀಲಿ."