ಪ್ರೈಮಿಂಗ್ ಟೂಲಿಗೆ ಇಟ್ಟ ಕುಂಕುಮ

ನೆವಾರ್ಕಿನ ನಮ್ಮ ಗ್ಯಾರೇಜಿನಲ್ಲಿ ಬೆಂಚಿಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನುಸುಳುವಷ್ಟು ಜಾಗ. ಒಂದು ಮೂಲೆ ಬಿಸಿನೀರಿನ ಟ್ಯಾಂಕಿಗೆ, ಇನ್ನೊಂದು ವಾಷಿಂಗ್ ಮಷೀನಿಗೆ. ಉಳಿದದ್ದು ಕಾರಿಗೆ. ಕಾರು ಬಿಟ್ಟುಕೊಟ್ಟಷ್ಟು ನನಗೆ.

ಅಲ್ಲಿ ನಿಂತು ತೋಟಾಗಳಿಗೆ ಮತ್ತೆ ಮದ್ದುಗುಂಡು ತುಂಬುವುದು ನನ್ನ ಹವ್ಯಾಸ. ಬೀದಿಯ ಕೊನೆಯ ಮನೆಯ ನಿವೃತ್ತ ಮೆಕ್ಯಾನಿಕ್ ಕಲಿಸಿದ್ದು. ಶೂಟಿಂಗ್ ರೇಂಜಿನಲ್ಲಿ ಹೊಡೆದು ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ಆಯ್ದು ತಂದು, ತೊಳೆದು, ಪ್ರತಿಯೊಂದರ ತಳಕ್ಕೂ ಹೊಸ ಪ್ರೈಮರ್ ಕೂರಿಸಬೇಕು. ಪ್ರೈಮರ್ ಎಂದರೆ ತೊಗರಿಬೇಳೆಯಷ್ಟಿರುವ ಲೋಹದ ಬಟ್ಟಲು, ಒಳಗೆ ಬಡಿದರೆ ಸಿಡಿಯುವ ಚೂರು ಮದ್ದು. ಅದನ್ನು ಕೂರಿಸುವುದಕ್ಕೆ ಇಕ್ಕಳದಂಥದ್ದೊಂದು ಕೈ ಟೂಲು. ಅದರ ತಲೆಯ ಮೇಲಿನ ಟ್ರೇ ತುಂಬ ಪ್ರೈಮರ್. ಹಿಡಿಯನ್ನು ಅದುಮಿದರೆ ಒಂದು ಸಣ್ಣ ಕಡ್ಡಿ ಮೇಲೇರಿ ಪ್ರೈಮರನ್ನು ತೋಟಾದ ತಳಕ್ಕೆ ಒತ್ತುತ್ತದೆ. ಬಿಟ್ಟರೆ ಕಡ್ಡಿ ಕೆಳಗಿಳಿದು ಮುಂದಿನದಕ್ಕೆ ಜಾಗ ಕೊಡುತ್ತದೆ.

ಆ ವರ್ಷ ನವರಾತ್ರಿಗೆ ಅಮ್ಮ ಮೈಸೂರಿನಿಂದ ಬಂದಿದ್ದಳು. ಕಾರು ಓಡಿಸಲು ಬಾರದವಳಿಗೆ ನಮ್ಮ ಊರೆಂದರೆ ಒಂದು ಮನೆ, ಒಂದು ಹಿತ್ತಲು, ಸಂಜೆ ಫುಟ್‌ಪಾತಿನ ಮೇಲೆ ಎರಡು ಸುತ್ತು. ಹಾಗಾಗಿ ಆಯುಧಪೂಜೆಯ ದಿನ ಇಡೀ ಗ್ಯಾರೇಜು ಅವಳದಾಯಿತು. ಕಾರಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಡ್ರಿಲ್ಲಿಗೆ, ಹುಲ್ಲು ಕತ್ತರಿಸುವ ಮಷೀನಿಗೆ, ನನ್ನ ಲ್ಯಾಪ್‌ಟಾಪಿಗೆ ಗಂಧ ಕುಂಕುಮ. ಪ್ರೈಮಿಂಗ್ ಟೂಲನ್ನೂ ಬಿಡಲಿಲ್ಲ. ಅದಕ್ಕೂ ಬೇಕೇ ಎಂದು ಕೇಳಿದ್ದಕ್ಕೆ, "ಮಿಕ್ಸಿಗೇ ಇಟ್ಟಿದೀನಿ. ಈ ಮನೇಲಿ ಆಯುಧ ಅನ್ನೋ ಹಾಗಿರೋದು ಇದೊಂದೇ" ಎಂದಳು.

ಪೂಜೆಗೆ ಇಟ್ಟದ್ದನ್ನು ಅವತ್ತು ಮುಟ್ಟಬಾರದು, ವಿಜಯದಶಮಿಯ ದಿನ ಎಲ್ಲದರಲ್ಲೂ ಒಂದಿಷ್ಟಾದರೂ ಕೆಲಸ ಮಾಡಬೇಕು ಎನ್ನುವುದು ಅಮ್ಮನ ಕಟ್ಟಳೆ. ಮರುದಿನ ಹೆಂಡತಿ ಎಮರಿವಿಲ್‌ನ ಆಫೀಸಿಗೆ ಹೋದ ಮೇಲೆ, ಕಟ್ಟಳೆಯಂತೆ ಟೂಲು ಹಿಡಿದೆ. ಮಾಮೂಲಿಯಾಗಿ ಕಾರನ್ನು ಆಚೆ ನಿಲ್ಲಿಸಿಯೇ ಬೆಂಚಿಗೆ ಬರುವವನು ನಾನು. ಬಿಸಿಲಿಗೆ ಹಾರ ಬಾಡುತ್ತದೆ ಎಂದು ಅಮ್ಮ ಬಿಟ್ಟಿರಲಿಲ್ಲ.

ಮೊದಲ ತೋಟಾದಿಂದಲೇ ಹಿಡಿ ಬಿಗಿಯಾಗಿತ್ತು. ತಳದಲ್ಲಿ ಮಸಿ ಉಳಿದಿರಬೇಕು ಎಂದುಕೊಂಡೆ. ತೋಟಾ ಬದಲಾಯಿಸಿದೆ, ಹಾಗೇ ಇತ್ತು. ತೋಟಾ ಹಿಡಿಯುವ ಬಿಲ್ಲೆಯ ಅಳತೆ ತಪ್ಪಿತೇನೋ ಎಂದು ನೋಡಿದೆ, ಸರಿಯಾಗೇ ಇತ್ತು. ಕೈಗೆ ಗಟ್ಟಿ ಅನ್ನಿಸಿದ ಕಡೆ ನಿಲ್ಲು, ಅದನ್ನು ಗೆಲ್ಲಲು ಹೋಗಬೇಡ ಎಂದು ಕಲಿಸಿದವರು ನೂರು ಸಲ ಹೇಳಿದ್ದರು. ನಾನು ಇನ್ನಷ್ಟು ಅದುಮಿದೆ.

ಕಿರ್ ಎಂದಿತು. ಅಲ್ಲಿಗೇ ನಿಂತಿತು. ಬಗ್ಗಿ ನೋಡಿದರೆ ಕಡ್ಡಿ ಪೂರ್ತಿ ಕೆಳಗಿಳಿದಿರಲೇ ಇಲ್ಲ. ಅರ್ಧ ಜಾಗಕ್ಕೆ ನುಗ್ಗಿದ ಪ್ರೈಮರ್ ಅಡ್ಡ ತಿರುಗಿ, ತೋಟಾಕ್ಕೂ ಕಡ್ಡಿಗೂ ನಡುವೆ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಕೂತಿತ್ತು. ಅದರ ಬೆನ್ನಿಗೇ ತುಂಬಿದ ಟ್ರೇ. ಒಂದು ಸಿಡಿದರೆ ಬೆರಳು ಸುಟ್ಟೀತು, ಕಿವಿ ಗುಂಯ್ ಎಂದೀತು. ಟ್ರೇ ಪೂರ್ತಿ ಸಿಡಿದರೆ ಕೈ ಉಳಿಯುವ ಮಾತಿಲ್ಲ.

ಅದುಮಿದರೆ ಸಿಡಿಯಬಹುದು. ಬಿಟ್ಟರೆ ಸ್ಪ್ರಿಂಗು ಎಗರಿ ಸಿಡಿಯಬಹುದು. ಎರಡೂ ಕೈಯಲ್ಲಿ ಹಿಡಿದು ನಿಂತೆ. ಬೆನ್ನಿಗೆ ಕಾರು, ಹೊಟ್ಟೆಗೆ ಬೆಂಚು. ಗ್ಯಾರೇಜಿನ ದೊಡ್ಡ ಬಾಗಿಲು ಏಳುವಾಗ ಬೆಂಚು ಸಹಿತ ನಡುಗುತ್ತದೆ, ಅದೂ ಆಗದು. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲು ತೆರೆಯಿತು. ಅಮ್ಮ, ಕೈಯಲ್ಲಿ ಕಾಫಿ.

"ಅಲ್ಲೇ ನಿಂತ್ಕೋ. ಒಳಗೆ ಬರಬೇಡ."

"ಯಾಕೋ ಹಾಗೆ ಬೆವರ್ತಿದೀಯ?"

ಹೇಳಿದೆ. ಹಿತ್ತಲಿಗೆ ಹೋಗಿ ಕೂರು, ನಾನು ಕರೆಯುವ ತನಕ ಬರಬೇಡ ಎಂದೆ. ಅಮ್ಮ ಲೋಟವನ್ನು ಹೊಸ್ತಿಲ ಮೇಲಿಟ್ಟಳು. "ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಈ ಊರಲ್ಲಿ ನನಗೆ ಬಸ್ಸು ಕೂಡ ಗೊತ್ತಿಲ್ಲ" ಎಂದು ಅಲ್ಲೇ ನಿಂತಳು. ಸಿಡಿದರೆ ಚೂರು ಅವಳ ತನಕ ಹಾರುತ್ತದೆಯೇ ಎಂದು ನಾನು ಕಣ್ಣಲ್ಲೇ ಅಳೆಯುತ್ತಿದ್ದೆ. ನನ್ನ ಕಣ್ಣಿಗೆ ರಕ್ಷೆಯ ಕನ್ನಡಕವಿತ್ತು. ಅವಳದು ಓದುವ ಕನ್ನಡಕ, ಅದೂ ಹಣೆಯ ಮೇಲೆ.

ಕೊನೆಗೆ ಅವಳೇ ಅಡಿಗೆಮನೆಯಿಂದ ನನ್ನ ಫೋನು ತಂದು, ನಾನು ಹೇಳಿದ ಹೆಸರು ಹುಡುಕಿ, ಸ್ಪೀಕರ್ ಹಾಕಿ ಹೊಸ್ತಿಲಿನಿಂದ ಕೈ ಚಾಚಿದಳು. ಮೆಕ್ಯಾನಿಕ್ ಯಜಮಾನರು ಪೂರ್ತಿ ಕೇಳಿಸಿಕೊಂಡು ಬೈಯಲಿಲ್ಲ. ಮುಖ ಆಚೆ ತಿರುಗಿಸಿಕೋ, ಮೊದಲು ಟ್ರೇಯನ್ನು ಬೇರೆ ಮಾಡು, ಆಮೇಲೆ ಉಳಿಯುವುದು ಒಂದೇ ಒಂದು, ಅದಕ್ಕೆ ಹೆದರು ಆದರೆ ಸಾಯಬೇಡ ಎಂದರು.

ಟ್ರೇ ತೆಗೆಯಬೇಕಾದರೆ ಎಡಗೈ ಬಿಡಬೇಕು. ಎಡಗೈಗೆ ಬಿಡಲು ಬರುತ್ತಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಬಲಗೈ ನಡುಗಲು ಶುರುವಾಯಿತು. ಆಗ ಅಮ್ಮ ಮೆಲ್ಲಗೆ, "ನಡುಗೋ ಕೈಲಿ ಹಿಡ್ಕೊಂಡಿರೋದೂ ಒಂದೇ, ಬಿಡೋದೂ ಒಂದೇ. ಬಿಡು ಮಗಾ" ಎಂದಳು.

ಎಡಗೈ ಬಿಟ್ಟೆ. ಟ್ರೇಯ ಬಾಗಿಲು ಸರಿಸಿ ಮುಚ್ಚಿ, ಅದನ್ನು ಕಳಚಿ, ತೋಳು ಚಾಚಿದಷ್ಟು ದೂರ ಇಟ್ಟೆ. ಆಮೇಲೆ ಹಿಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸಡಿಲಿಸಿದೆ. ಅಪ್ಪಚ್ಚಿಯಾದ ಪ್ರೈಮರ್ ಬೆಂಚಿನ ಮೇಲಿನ ಬಟ್ಟೆಗೆ ಸದ್ದಿಲ್ಲದೆ ಬಿತ್ತು.

ಯಜಮಾನರಿಗೆ ತಿಳಿಸಿ ಫೋನು ಇಟ್ಟು, ಟೂಲು ಬಿಚ್ಚಿದೆ. ಕಡ್ಡಿ ಓಡಾಡುವ ತೂತಿನ ಸುತ್ತ ಕೆಂಪು ಹೆಪ್ಪು. ಒದ್ದೆ ಗಂಧದಲ್ಲಿ ಕಲಸಿದ ಕುಂಕುಮ ಒಳಗಿಳಿದು, ರಾತ್ರಿಯಿಡೀ ಒಣಗಿ, ಗಾರೆಯಾಗಿತ್ತು. ಗೊತ್ತಾದದ್ದೇ ಅದರ ಮೇಲೆ ಇನ್ನೊಂದು ಬಟ್ಟೆ ಮುಚ್ಚಿದೆ. ಅಮ್ಮ ಅಷ್ಟರಲ್ಲಿ ಕಾರು ಬಳಸಿ ಪಕ್ಕಕ್ಕೇ ಬಂದಿದ್ದಳು.

"ಏನಾಗಿತ್ತಂತೆ?"

"ಧೂಳು ಕೂತಿತ್ತು."

ಬಟ್ಟೆ ಸರಿಸಿ ನೋಡಿದಳು. ಬೆರಳಿನಿಂದ ಒಂದು ಚೂರು ಕೆರೆದು ಮೂಸಿದಳು. ಆಮೇಲೆ ತುರುಬಿನಿಂದ ಹೇರ್‌ಪಿನ್ನು ತೆಗೆದು, ದೇವರ ದೀಪದ ಸಂದಿನ ಜಿಡ್ಡು ತೆಗೆಯುತ್ತಾಳಲ್ಲ, ಹಾಗೆ ಆ ತೂತಿನ ಸುತ್ತ ಕೆದಕತೊಡಗಿದಳು. ಕೊಡು, ನಾನು ಮಾಡುತ್ತೇನೆ ಎಂದರೆ ಕೊಡಲಿಲ್ಲ.

"ಹಚ್ಚಿದೋಳು ನಾನು. ನೀನು ಹೋಗಿ ಆ ದೊಡ್ಡ ಬಾಗ್ಲು ತೆಗಿ. ಉಸಿರು ಕಟ್ತಿದೆ."

ಗುಂಡಿ ಒತ್ತಿದೆ. ಬಾಗಿಲು ಗಡಗಡ ಮೇಲೇರಿತು, ಬೆಂಚು ನಡುಗಿತು. ಅಮ್ಮ ತಲೆ ಎತ್ತದೆ ಕೆದಕುತ್ತಲೇ ಇದ್ದಳು.